‘ರನ್’ ಕಲಿಯಲು ಯಾವುದು ಒಳ್ಳೆಯದು: ನಿಘಂಟೋ, ಆ್ಯಪೋ, ಕ್ಲಾಸೋ?

ಇಂಗ್ಲಿಷ್ ಕಲಿಯಲು ಯಾವ ಡಿಕ್ಷನರಿ ತಗೊಳ್ಳೋಣ ಎಂದು ಕೇಳುವವರು ನಮ್ಮ ಕುಮಟಾ, ಹೊನ್ನಾವರ ಕಡೆ ಬಹಳ ಜನ ಇದ್ದಾರೆ. ಮಗ ಎಸ್‌ಎಸ್‌ಎಲ್‌ಸಿ, ಮಗಳು ಪಿಯುಸಿ, ಇಲ್ಲವೇ ತಾವೇ ಗೋಕರ್ಣದಲ್ಲಿ ಹೋಂಸ್ಟೇ ಇಟ್ಟವರು. ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ, ಪುಸ್ತಕಕ್ಕೆ ಯಾಕೆ ದುಡ್ಡು ಎಂಬುದು ಮುಂದಿನ ಪ್ರಶ್ನೆ. ನಾನು ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೊಡಲು ಬರುವುದಿಲ್ಲ. ಬೇರೆಯವರು ಬರೆದದ್ದನ್ನು ಓದಿ ತಿಳಿಯಲು ಬೇಕಾದ ಸಾಧನ ಬೇರೆ. ನಾವೇ ವಾಕ್ಯ ಕಟ್ಟಲು ಬೇಕಾದದ್ದು ಬೇರೆ.

ಸುಮ್ನೆ ಹೊರಗಿನಿಂದ ಹೋಲಿಸುವುದಕ್ಕಿಂತ ಒಂದೇ ಕ್ರಿಯಾಪದ ಹಿಡಿದು ಎಲ್ಲವನ್ನೂ ಪರೀಕ್ಷೆ ಮಾಡೋಣ. ‘ರನ್’ ತೆಗೆದುಕೊಳ್ಳುತ್ತೇನೆ. ಕ್ರಿಕೆಟ್ ಆಡುವ ಎಲ್ಲ ಮಕ್ಕಳಿಗೂ ಗೊತ್ತಿರುವ ಪದ ಇದು. ಗೊತ್ತಿದೆ ಅಂದುಕೊಂಡಿರುವುದರಿಂದಲೇ ಯಾರೂ ನಿಘಂಟಿನಲ್ಲಿ ಹುಡುಕುವುದಿಲ್ಲ. ಅಪರೂಪದ ಪದ ಬಂದರೆ ಮಗು ತಾನಾಗಿ ಅರ್ಥ ಕೇಳುತ್ತದೆ. ‘ರನ್’ ಬಂದರೆ ‘ಓಡು’ ಅಂದುಕೊಂಡು ಮುಂದೆ ಹೋಗುತ್ತದೆ.

ಈ ಪುಟ್ಟ ಪದ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಲೆಕ್ಕ ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಆಗ ಅತಿ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಕ್ರಿಯಾಪದಕ್ಕೆ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿದರು. ಈ ಒಂದು ಪದದ ಮೇಲೆ ಪೀಟರ್ ಗಿಲಿವರ್ ಎಂಬ ಸಂಪಾದಕರು ಒಂಬತ್ತು ತಿಂಗಳು ಕೂತಿದ್ದರು. ನಮಗೆ 645 ಬೇಡ. ಹತ್ತು ಹನ್ನೆರಡು ಸರಿಯಾಗಿ ಬಂದರೆ ಪತ್ರಿಕೆ ಓದಬಹುದು, ಪರೀಕ್ಷೆ ಬರೆಯಬಹುದು, ಮನೆಗೆ ಬಂದ ಅತಿಥಿಯ ಜೊತೆ ಧೈರ್ಯವಾಗಿ ಮಾತಾಡಬಹುದು.

ಆ ಹತ್ತು ಹನ್ನೆರಡು ಎಂಥವು?

ನಮ್ಮೂರಿನ ಸುತ್ತಲೇ ನೋಡಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಸ್ಸು ಓಡುತ್ತದೆ: ‘ದ ಬಸ್ ರನ್ಸ್ ಫ್ರಮ್ ಶಿರಸಿ ಟು ಕುಮಟಾ.’ ಇಲ್ಲಿ ಕನ್ನಡದ ಓಡುವುದೂ ಇಂಗ್ಲಿಷಿನ ‘ರನ್’ ಕೂಡ ಒಂದೇ ದಾರಿಯಲ್ಲಿವೆ. ಅಘನಾಶಿನಿ ಹೊಳೆ ಅರಬ್ಬಿ ಸಮುದ್ರಕ್ಕೆ ಹರಿಯುತ್ತದೆ: ‘ದ ರಿವರ್ ರನ್ಸ್ ಇಂಟು ದ ಸೀ.’ ಇಲ್ಲಿ ನಮಗೆ ‘ಹರಿ’ ಬೇಕು. ಹೆದ್ದಾರಿ 66 ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಮೇಲೆ ಹಾದು ಹೋಗುತ್ತದೆ. ರಸ್ತೆ ಇದ್ದಲ್ಲೇ ಇರುತ್ತದೆ, ಆದರೂ ಇಂಗ್ಲಿಷಿನಲ್ಲಿ ಅದು ‘ರನ್ಸ್ ಅಲಾಂಗ್ ದ ಕೋಸ್ಟ್’. ಅಣ್ಣ ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಾನೆ: ‘ಹಿ ರನ್ಸ್ ಎ ಶಾಪ್.’ ಪಂಚಾಯಿತಿ ಚುನಾವಣೆಗೆ ಅತ್ತಿಗೆ ನಿಲ್ಲುತ್ತಾರೆ. ಕನ್ನಡದಲ್ಲಿ ನಿಲ್ಲುವುದು, ಇಂಗ್ಲಿಷಿನಲ್ಲಿ ‘ರನ್ ಫಾರ್’. ಬ್ರಿಟನ್ನಿನವರು ಇದಕ್ಕೆ ‘ಸ್ಟ್ಯಾಂಡ್ ಫಾರ್’ ಎನ್ನುವುದು ಜಾಸ್ತಿ, ಅದು ನಮ್ಮ ಕನ್ನಡಕ್ಕೆ ಹತ್ತಿರ. ಮಳೆಗಾಲದಲ್ಲಿ ಮಗುವಿನ ಮೂಗು ಸೋರುತ್ತದೆ, ಮೈ ಬಿಸಿ ಇದೆ: ‘ಹರ್ ನೋಸ್ ಈಸ್ ರನ್ನಿಂಗ್, ಶಿ ಈಸ್ ರನ್ನಿಂಗ್ ಎ ಟೆಂಪರೇಚರ್.’ ಹೊಸ ಸೀರೆ ತೊಳೆದರೆ ಬಣ್ಣ ಬಿಡುತ್ತದೆ, ಅದೂ ‘ರನ್’. ಯಕ್ಷಗಾನ ಬೆಳಗಿನವರೆಗೆ ನಡೆಯಿತು, ಅದೂ ‘ರ‍್ಯಾನ್ ಟಿಲ್ ಮಾರ್ನಿಂಗ್’. ಕುಮಟಾ ಸ್ಟೇಷನ್ನಿನಲ್ಲಿ ಕೂತರೆ ಮೈಕಿನಲ್ಲಿ ‘ರನ್ನಿಂಗ್ ಲೇಟ್’ ಕೇಳುತ್ತದೆ. ರೈಲು ಇನ್ನೂ ಕಾರವಾರ ದಾಟಿರುವುದಿಲ್ಲ.

ಇನ್ನು ‘ರನ್ ಔಟ್’. ಮಕ್ಕಳಿಗೆ ಇದು ಕ್ರಿಕೆಟ್ಟಿನ ಔಟು. ‘ವಿ ರ‍್ಯಾನ್ ಔಟ್ ಆಫ್ ರೈಸ್’ ಎಂಬ ವಾಕ್ಯ ಕೊಟ್ಟಾಗ ಅಕ್ಕಿಗೂ ಔಟಿಗೂ ಏನು ಸಂಬಂಧ ಎಂದು ತಡಕಾಡುತ್ತಾರೆ. ಅಕ್ಕಿ ಖಾಲಿಯಾಯಿತು ಎಂದಷ್ಟೇ ಅರ್ಥ. ಕನ್ನಡದಲ್ಲಿ ಖಾಲಿಯಾಗುವುದು ಅಕ್ಕಿ. ಇಂಗ್ಲಿಷಿನಲ್ಲಿ ‘ರನ್ ಔಟ್’ ಆಗುವುದು ನಾವು. ಕರ್ತೃವೇ ಬದಲಾಗಿಬಿಡುತ್ತದೆ. ಅಕ್ಕಿಯನ್ನೇ ಮುಂದಿಟ್ಟು ‘ದ ರೈಸ್ ರ‍್ಯಾನ್ ಔಟ್’ ಎಂದೂ ಹೇಳಬಹುದು, ಆಗ ‘ಆಫ್’ ಬರುವುದಿಲ್ಲ. ಇದು ಅರ್ಥ ಗೊತ್ತಾದ ಮಾತ್ರಕ್ಕೆ ಬರುವ ವಿದ್ಯೆಯಲ್ಲ. ಎರಡೂ ವಾಕ್ಯ ಅಕ್ಕಪಕ್ಕ ಕಣ್ಣಿಗೆ ಬೀಳಬೇಕು. ಯಾವ ಸಾಧನ ಇದನ್ನು ತೋರಿಸುತ್ತದೆ ಎನ್ನುವುದೇ ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ.

ಇಂಗ್ಲಿಷ್-ಕನ್ನಡ ನಿಘಂಟು

ಮನೆಯಲ್ಲಿ ಮೊದಲು ಇರಬೇಕಾದದ್ದು ಇದೇ. ಪೇಟೆಯಲ್ಲಿ ಸಿಗುವ ಸಣ್ಣ ಪಾಕೆಟ್ ನಿಘಂಟು ತೆರೆದರೆ ‘ರನ್’ ಎದುರಿಗೆ ಓಡು, ಹರಿ, ನಡೆಸು ಎಂದು ಕೆಲವು ಪದಗಳು ಸಾಲಾಗಿ ಇರುತ್ತವೆ. ಪಾಠ ಓದುವಾಗ ಅಷ್ಟು ಸಾಕು. ವಾಕ್ಯದಲ್ಲಿ ಹೊಳೆ ಇದ್ದರೆ ‘ಹರಿ’ ಆರಿಸಿಕೊಳ್ಳುವಷ್ಟು ಬುದ್ಧಿ ಮಕ್ಕಳಿಗೆ ಇದ್ದೇ ಇರುತ್ತದೆ. ಬರೆಯಲು ಕೂತಾಗ ತೊಂದರೆ ಶುರು. ‘ನಡೆಸು’ ಎಂದು ಇದೆಯಲ್ಲ ಎಂದು ಸಭೆ ನಡೆಸುವುದಕ್ಕೂ ಮದುವೆ ನಡೆಸುವುದಕ್ಕೂ ‘ರನ್’ ಹಾಕಿಬಿಡುತ್ತಾರೆ. ಮದುವೆಗೆ ‘ರನ್’ ಬರುವುದಿಲ್ಲ. ಅದನ್ನು ಹೇಳಲು ಪಾಕೆಟ್ ನಿಘಂಟಿನಲ್ಲಿ ಜಾಗವೇ ಇಲ್ಲ.

ದೊಡ್ಡ ನಿಘಂಟುಗಳ ವಿಷಯ ಬೇರೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಮೊದಲು ಬಂತು, ಆಮೇಲೆ ಪರಿಷ್ಕರಣೆಯನ್ನೂ ಕಂಡಿತು. ಪದವಿ ಓದುವವರಿಗೆ, ಅನುವಾದ ಮಾಡುವವರಿಗೆ ಅದು ಬೇಕು. ಹತ್ತನೇ ತರಗತಿಯ ಮಗುವಿಗೆ ಅದು ಭಾರ. ಅದನ್ನು ಮನೆಗೆ ಕೊಳ್ಳುವುದಕ್ಕಿಂತ ಕಾರವಾರದ ಜಿಲ್ಲಾ ಗ್ರಂಥಾಲಯದಂಥ ದೊಡ್ಡ ಲೈಬ್ರರಿಯಲ್ಲಿ ಕೂತು ನೋಡುವುದು ಒಳ್ಳೆಯದು.

ಒಂದು ಎಚ್ಚರಿಕೆ. ಕನ್ನಡ-ಇಂಗ್ಲಿಷ್ ನಿಘಂಟನ್ನು ಇದೇ ಅಂದುಕೊಂಡು ತರಬೇಡಿ. 1894ರ ಕಿಟೆಲ್ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದ್ದು. ಜಾಲದಲ್ಲಿ ಉಚಿತವಾಗಿ ಸಿಗುವ ವಿ. ಕೃಷ್ಣ ಅವರ ‘ಅಲರ್’ ಕೂಡ ಕನ್ನಡ-ಇಂಗ್ಲಿಷ್. ಎರಡೂ ಅಮೂಲ್ಯ ಕೆಲಸ. ‘ರನ್’ ಎದುರಾಗಿ ನಿಂತವರಿಗೆ ಮಾತ್ರ ಅವು ಉತ್ತರ ಕೊಡುವುದಿಲ್ಲ. ‘ಸೋರು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೇನು ಇವೆ ಎಂದು ಹುಡುಕುವವರಿಗೆ ಅವು ಕೆಲಸಕ್ಕೆ ಬರುತ್ತವೆ.

ಅನುವಾದದ ಆ್ಯಪ್

ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಇಡೀ ವಾಕ್ಯವನ್ನು ಒಟ್ಟಿಗೆ ನೋಡಿ ಅನುವಾದಿಸುವ ನ್ಯೂರಲ್ ಪದ್ಧತಿ ಕನ್ನಡಕ್ಕೆ ಬಂದದ್ದು 2017ರಲ್ಲಿ. ಇದು ಗೊತ್ತಿದ್ದರೆ ಆ್ಯಪನ್ನು ಹೇಗೆ ಬಳಸಬೇಕು ಎಂಬುದೂ ಹೊಳೆಯುತ್ತದೆ. ಒಂಟಿ ಪದ ‘ರನ್’ ಹಾಕಿದರೆ ಆ್ಯಪಿಗೆ ಸುಳಿವೇ ಸಿಗುವುದಿಲ್ಲ, ‘ಓಡು’ ಎನ್ನುತ್ತದೆ. ಇಡೀ ವಾಕ್ಯ ಹಾಕಿದರೆ ಹೊಳೆ, ಅಂಗಡಿ, ಮೂಗು ಯಾವುದರ ಮಾತು ಎಂದು ಅದಕ್ಕೆ ಹಿಡಿಯಲು ಆಗುತ್ತದೆ. ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ಒಂದೇ: ಆ್ಯಪಿಗೆ ಪದ ಕೊಡಬೇಡಿ, ವಾಕ್ಯ ಕೊಡಿ.

ಕಾರವಾರ ಕಡೆಯವರಿಗೆ ಇನ್ನೊಂದು ವಿಷಯ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಇರುವ ಮಕ್ಕಳು ಅಲ್ಲಿ ಬಹಳ. 2022ರಲ್ಲಿ ಗೂಗಲ್ ಕೊಂಕಣಿಯನ್ನೂ ಸೇರಿಸಿದೆ, ಬರುವುದು ದೇವನಾಗರಿ ಲಿಪಿಯಲ್ಲಿ. ಹಿಂದಿ ಓದಲು ಬರುವ ಮಗು ಇಂಗ್ಲಿಷ್ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಕೊಂಕಣಿಯಲ್ಲಿ ನೋಡಿದರೆ ಅರ್ಥ ಗಟ್ಟಿಯಾಗಿ ಕೂರುತ್ತದೆ. ಹವ್ಯಕರ ಮಾತು, ಹಾಲಕ್ಕಿಗಳ ಮಾತು ಅಲ್ಲಿ ಬೇರೆಯಾಗಿ ಇಲ್ಲ. ಅವರು ಪುಸ್ತಕದ ಕನ್ನಡದಲ್ಲೇ ಬರೆಯಬೇಕು.

ಆ್ಯಪ್ ಕೊಡದೇ ಇರುವುದು ಕಾರಣ. ‘ನಮ್ಮಲ್ಲಿ ಅಕ್ಕಿ ಖಾಲಿಯಾಗಿದೆ’ ಎಂದು ಬರೆದರೆ ಒಂದು ಇಂಗ್ಲಿಷ್ ವಾಕ್ಯ ಸಿಗುತ್ತದೆ. ಅದು ಸರಿ ಇರಬಹುದು. ನಾಳೆ ಸಕ್ಕರೆ ಖಾಲಿಯಾದಾಗ ನಾವೇ ಹೇಳಲು ಆಗಬೇಕು, ಅಲ್ವಾ? ಅದಕ್ಕೆ ಆ ವಾಕ್ಯದ ಕಟ್ಟು ಗೊತ್ತಿರಬೇಕು. ಅರ್ಜೆಂಟಿಗೆ ಆ್ಯಪ್ ಬಿಟ್ಟರೆ ಬೇರೆ ಇಲ್ಲ, ಕಲಿಕೆಗೆ ಅದೊಂದೇ ಸಾಲದು.

ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳು

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮ್ಮ ಜಿಲ್ಲೆಯ ಬಹಳ ಮನೆಗಳಲ್ಲಿ ಇವುಗಳ ಪರಿಚಯವೇ ಇಲ್ಲ. ‘ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ’ ಎಂದ ಕೂಡಲೇ ಹೆದರುತ್ತಾರೆ. ಇವನ್ನು ಬರೆದದ್ದೇ ಇಂಗ್ಲಿಷ್ ಮನೆಮಾತಲ್ಲದವರಿಗೆ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅಲ್ಲಿನ ವಿದ್ಯಾರ್ಥಿಗಳಿಗೆ ಬೇಕಾದದ್ದು ಬರೀ ಅರ್ಥವಲ್ಲ, ಕ್ರಿಯಾಪದದ ಹಿಂದೆ ಮುಂದೆ ಏನು ಬರಬೇಕು ಎಂಬುದು ಎಂದು ಅವರಿಗೆ ಗೊತ್ತಾಗಿತ್ತು. ಅವರು ಸಂಗಡಿಗರ ಜೊತೆ ಮಾಡಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರ ಮುಂದುವರಿಕೆ.

ಇದರಲ್ಲಿ ‘ರನ್’ ತೆರೆದರೆ ಪ್ರತಿ ಅರ್ಥಕ್ಕೂ ಒಂದು ಸಣ್ಣ ತಲೆಬರಹ, ಉದಾಹರಣೆ ವಾಕ್ಯ, ಜೊತೆಗೆ ಆ ಅರ್ಥದಲ್ಲಿ ಕರ್ಮಪದ ಬೇಕೋ ಬೇಡವೋ ಎಂಬ ಗುರುತು. ಈ ಗುರುತು ಕನ್ನಡದವರಿಗೆ ಬಹಳ ಮುಖ್ಯ. ನಮ್ಮಲ್ಲಿ ಓಡುವುದು ಬೇರೆ, ಓಡಿಸುವುದು ಬೇರೆ. ನಡೆಯುವುದು ಬೇರೆ, ನಡೆಸುವುದು ಬೇರೆ. ‘-ಇಸು’ ಸೇರಿಸಿ ವ್ಯತ್ಯಾಸ ತೋರಿಸುತ್ತೇವೆ. ಇಂಗ್ಲಿಷಿನ ‘ರನ್’ ಎರಡನ್ನೂ ಒಂದೇ ರೂಪದಲ್ಲಿ ಹೊತ್ತುಕೊಳ್ಳುತ್ತದೆ. ‘ದ ಮೋಟಾರ್ ಈಸ್ ರನ್ನಿಂಗ್’ ಎಂದರೆ ತೋಟದ ಪಂಪು ಓಡುತ್ತಿದೆ. ‘ಹಿ ಈಸ್ ರನ್ನಿಂಗ್ ದ ಮೋಟಾರ್’ ಎಂದರೆ ಅವನು ಓಡಿಸುತ್ತಿದ್ದಾನೆ. ಮುಂದೆ ಕರ್ಮಪದ ಇದೆಯೋ ಇಲ್ಲವೋ ಎಂಬುದೇ ಇಲ್ಲಿ ನಮ್ಮ ‘-ಇಸು’ ಮಾಡುವ ಕೆಲಸ ಮಾಡುತ್ತದೆ. ಇದೊಂದು ಮಗುವಿಗೆ ಹೊಳೆದರೆ ‘ಮೂವ್’, ‘ಓಪನ್’, ‘ಸ್ಟಾಪ್’ ಎಲ್ಲದಕ್ಕೂ ದಾರಿ ಸಿಕ್ಕಿದಂತೆ.

ನುಡಿಗಟ್ಟುಗಳು, ‘ರನ್ ಔಟ್’, ‘ರನ್ ಇಂಟು’, ‘ರನ್ ಓವರ್’ ಮುಂತಾದ ಜೋಡಿಗಳು ಕೊನೆಯಲ್ಲಿ ಬೇರೆಯಾಗಿ ಸಿಗುತ್ತವೆ. ‘ಐ ರ‍್ಯಾನ್ ಇಂಟು ಮೈ ಟೀಚರ್’ ಎಂದರೆ ಪೇಟೆಯಲ್ಲಿ ಮೇಷ್ಟ್ರು ಆಕಸ್ಮಾತ್ ಸಿಕ್ಕರು ಎಂದು. ‘ರ‍್ಯಾನ್ ಓವರ್’ ಎಂದುಬಿಟ್ಟರೆ ಗಾಡಿ ಹತ್ತಿಸಿದ ಹಾಗೆ. ಇಷ್ಟು ಸಣ್ಣ ಪದದಲ್ಲಿ ಇಷ್ಟು ದೊಡ್ಡ ಅಂತರ ಇರುವುದರಿಂದ ಊಹೆ ಮಾಡಿ ಬರೆಯುವುದು ಅಪಾಯ.

ಲಾಂಗ್‌ಮನ್ ನಿಘಂಟು 1978ರಲ್ಲಿ ಬಂತು. ಅದರ ವಿವರಣೆಗಳನ್ನು ಸುಮಾರು 2000 ಸುಲಭ ಪದಗಳಲ್ಲೇ ಬರೆದಿದ್ದಾರೆ. ಒಂದು ಅರ್ಥ ನೋಡಲು ಹೋಗಿ ಇನ್ನೊಂದು ಕಷ್ಟದ ಪದಕ್ಕೆ ಸಿಕ್ಕಿಬೀಳುವುದು ಕಡಿಮೆ. ಕನ್ನಡ ಮಾಧ್ಯಮದಿಂದ ಪಿಯುಸಿಗೆ ಹೋದವರಿಗೆ ನನ್ನ ಮೊದಲ ಆಯ್ಕೆ ಇದು. 1987ರ ಕಾಲಿನ್ಸ್ ಕೋಬಿಲ್ಡ್ ಇನ್ನೊಂದು ದಾರಿ ಹಿಡಿಯಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ, ಜನ ನಿಜವಾಗಿ ಬರೆದದ್ದನ್ನೂ ಆಡಿದ್ದನ್ನೂ ಕಂಪ್ಯೂಟರಿನಲ್ಲಿ ಕೂಡಿಹಾಕಿ ಅದನ್ನು ಕಟ್ಟಿದರು. ಅದರಲ್ಲಿ ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಹೇಳುತ್ತಾರೆ. ಒಬ್ಬರು ಅಂಗಡಿಯನ್ನು ‘ರನ್’ ಮಾಡುತ್ತಾರೆ ಎಂದರೆ ಅದರ ಜವಾಬ್ದಾರಿ ಅವರದು, ಎನ್ನುವ ಧಾಟಿ. ಮನೆಯಲ್ಲಿ ಹಿರಿಯರು ಮಗುವಿಗೆ ವಿವರಿಸುವ ಹಾಗೆ ಕೇಳುತ್ತದೆ. ಗಟ್ಟಿಯಾಗಿ ಓದಿಸಲು ಬಹಳ ಚೆಂದ. ಕೇಂಬ್ರಿಡ್ಜ್ 1995ರಲ್ಲಿ ಸೇರಿಕೊಂಡಿತು, ಅದೂ ಕೆಟ್ಟದ್ದೇನಲ್ಲ.

ಈ ನಾಲ್ಕೂ ಜಾಲದಲ್ಲಿ ಉಚಿತ. ಉಚ್ಚಾರಣೆಯನ್ನು ಬ್ರಿಟಿಷ್, ಅಮೆರಿಕನ್ ಎರಡೂ ಬಗೆಯಲ್ಲಿ ಕೇಳಬಹುದು. ನೆಟ್‌ವರ್ಕ್ ಇದ್ದರೆ ತಾನೇ? ಸಿದ್ದಾಪುರ, ಯಲ್ಲಾಪುರ ಕಡೆಯ ಹಳ್ಳಿಗಳಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಮಕ್ಕಳು ಈಗಲೂ ಇದ್ದಾರೆ. ಜೂನ್ ತಿಂಗಳಲ್ಲಿ ಗಾಳಿಮಳೆ ಹಿಡಿದರೆ ಕರೆಂಟೂ ಇಲ್ಲ. ಅಂಥ ಮನೆಗೆ ಅಚ್ಚಿನ ಪುಸ್ತಕವೇ ಸರಿ. ಹಳೆಯ ಆವೃತ್ತಿ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೂ ಹಿಂದೆಮುಂದೆ ನೋಡಬೇಡಿ. ಇಂಥ ಮೂಲ ಕ್ರಿಯಾಪದಗಳ ಬಳಕೆ ಹತ್ತು ಹದಿನೈದು ವರ್ಷದಲ್ಲಿ ಬದಲಾಗುವುದಿಲ್ಲ.

ಇಂಗ್ಲಿಷಿನ ವಿವರಣೆ ನೋಡಿ ಮಗು ಹಿಂಜರಿದರೆ ಮಧ್ಯದ ದಾರಿ ಇದೆ. ಇಂಗ್ಲಿಷ್-ಇಂಗ್ಲಿಷ್-ಕನ್ನಡ ನಿಘಂಟುಗಳು ಸಿಗುತ್ತವೆ. ಎಂಟು, ಒಂಬತ್ತನೇ ತರಗತಿಗೆ ಅದೇ ಹಿತ.

ವ್ಯಾಕರಣ ಪುಸ್ತಕ, ಕ್ಲಾಸು

ವ್ಯಾಕರಣ ಪುಸ್ತಕ ‘ರನ್, ರ‍್ಯಾನ್, ರನ್’ ಎಂಬ ಮೂರು ರೂಪ ಬಾಯಿಪಾಠ ಮಾಡಿಸುತ್ತದೆ. ಅದು ಬೇಕೇ ಬೇಕು. ‘ಐ ಹ್ಯಾವ್ ರ‍್ಯಾನ್’ ಎಂದು ಬರೆಯುವ ಮಕ್ಕಳು ಕಡಿಮೆಯೇನಿಲ್ಲ, ಸರಿಯಾದದ್ದು ‘ಐ ಹ್ಯಾವ್ ರನ್’. ಇನ್ನೊಂದು ತಪ್ಪು ಕಾಲದ್ದು. ದಿನಾ ಓಡುವ ಬಸ್ಸಿಗೆ ‘ಈಸ್ ರನ್ನಿಂಗ್ ಡೈಲಿ’ ಎನ್ನುತ್ತಾರೆ. ‘ಓಡುತ್ತದೆ’ ಮತ್ತು ‘ಓಡುತ್ತಿದೆ’ ಬೇರೆ ಎಂದು ಕನ್ನಡದಲ್ಲಿ ಗೊತ್ತಿದೆಯಲ್ಲ, ಅದನ್ನೇ ನೆನಪಿಸಿದರೆ ‘ರನ್ಸ್ ಡೈಲಿ’ ತಾನಾಗಿ ಬರುತ್ತದೆ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ದಿನ ಹೋಗಿ ಕೂತು ನೋಡಿ. ಮೇಷ್ಟ್ರೇ ಮಾತಾಡುತ್ತಿದ್ದಾರೋ, ಮಕ್ಕಳೂ ಮಾತಾಡುತ್ತಿದ್ದಾರೋ? ಬರೀ ಬೋರ್ಡಿನ ಮೇಲೆ ಬರೆಸುವ ಕ್ಲಾಸಾದರೆ ಆ ದುಡ್ಡಿನಲ್ಲಿ ಎರಡು ನಿಘಂಟು ಬರುತ್ತವೆ.

ಪತ್ರಿಕೆ, ರೇಡಿಯೋ, ಚಾಟ್ ಮಾಡುವ ಎಐ

ಬಳಕೆ ಕಿವಿಗೆ ಬೀಳುತ್ತಾ ಇರಬೇಕು. ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟ, ಆಕಾಶವಾಣಿಯ ಇಂಗ್ಲಿಷ್ ವಾರ್ತೆ, ಕ್ರಿಕೆಟ್ ಕಾಮೆಂಟರಿ ಎಲ್ಲ ಒಳ್ಳೆಯವೇ. ಇಲ್ಲಿ ಒಂದು ಗಮನಿಸಿ. ‘ರನ್ನಿಂಗ್ ಬಸ್ ಹತ್ತಬೇಡ’ ಎಂದು ನಾವು ಕನ್ನಡದಲ್ಲೇ ಹೇಳುತ್ತೇವೆ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲೂ ‘ರನ್ನಿಂಗ್ ಟ್ರೇನ್’ ಬರುತ್ತದೆ. ಹೊರದೇಶದವರು ಸಾಮಾನ್ಯವಾಗಿ ‘ಮೂವಿಂಗ್ ಟ್ರೇನ್’ ಎನ್ನುತ್ತಾರೆ. ಊರಿನಲ್ಲಿ ಮಾತಾಡುವಾಗ ನಮ್ಮದು ತಪ್ಪು ಎಂದು ಕುಗ್ಗುವುದು ಬೇಡ. ಹೊರಗಿನವರಿಗೆ ಬರೆಯುವಾಗ ಅವರದ್ದು ಗೊತ್ತಿದ್ದರೆ ಸಾಕು. ಹಾಗೆಯೇ ಸಿನಿಮಾ ನೂರು ದಿನ ಓಡಿತು ಎನ್ನುವುದು ಎರಡೂ ಭಾಷೆಯಲ್ಲಿ ಒಂದೇ. ತಲೆ ಓಡುತ್ತಿಲ್ಲ ಎನ್ನುವುದಕ್ಕೆ ಮಾತ್ರ ಇಂಗ್ಲಿಷಿನಲ್ಲಿ ‘ರನ್’ ಇಲ್ಲ, ಅಲ್ಲಿ ‘ವರ್ಕ್’ ಬೇಕು.

ಎಐ ಚಾಟ್ ಅಭ್ಯಾಸಕ್ಕೆ ಒಳ್ಳೆಯದು. ‘ಅಡಿಕೆ ತೋಟದ ಬಗ್ಗೆ ರನ್ ಬಳಸಿ ವಾಕ್ಯ ಕೊಡು, ನನ್ನ ವಾಕ್ಯ ತಿದ್ದು’ ಎಂದರೆ ಬೇಸರ ಇಲ್ಲದೆ ತಿದ್ದುತ್ತದೆ. ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುವ ಚಾಳಿ ಅದಕ್ಕಿದೆ. ಸಂಶಯ ಬಂದದ್ದನ್ನು ಲಾಂಗ್‌ಮನ್ ಅಥವಾ ಆಕ್ಸ್‌ಫರ್ಡ್ ತೆರೆದು ನೋಡಿಕೊಳ್ಳಬೇಕು.

ಯಾರಿಗೆ ಯಾವುದು

ಏಳನೇ ತರಗತಿಯವರೆಗೆ ಯಾವ ನಿಘಂಟೂ ಅವಸರವಿಲ್ಲ. ಅಪ್ಪ ಅಮ್ಮ ದಿನಕ್ಕೊಂದು ಕನ್ನಡ ವಾಕ್ಯ, ಅದರ ಇಂಗ್ಲಿಷ್ ವಾಕ್ಯ ಹೇಳಿಸಿದರೆ ಸಾಕು. ಎಸ್‌ಎಸ್‌ಎಲ್‌ಸಿಯವರಿಗೆ ಇಂಗ್ಲಿಷ್-ಇಂಗ್ಲಿಷ್-ಕನ್ನಡ ಒಂದು, ವ್ಯಾಕರಣ ಪುಸ್ತಕ ಒಂದು. ಪಿಯುಸಿ ಮತ್ತು ಅದರ ಮೇಲಿನವರಿಗೆ ಲಾಂಗ್‌ಮನ್ ಅಥವಾ ಆಕ್ಸ್‌ಫರ್ಡ್. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಆಕ್ಸ್‌ಫರ್ಡ್ ಕಡೆ ವಾಲಬಹುದು, ನುಡಿಗಟ್ಟುಗಳ ಪ್ರಶ್ನೆಗೆ ಅದು ಒದಗುತ್ತದೆ.

ಗೋಕರ್ಣ, ಮುರ್ಡೇಶ್ವರ, ದಾಂಡೇಲಿಯಲ್ಲಿ ಪ್ರವಾಸಿಗರ ಜೊತೆ ವ್ಯವಹಾರ ಇರುವವರಿಗೆ ಪುಸ್ತಕ ಓದಲು ಪುರುಸೊತ್ತು ಎಲ್ಲಿ? ಅವರು ಆ್ಯಪ್ ಇಟ್ಟುಕೊಳ್ಳಲಿ. ಜೊತೆಗೆ ತಮ್ಮ ಕೆಲಸದ ವಾಕ್ಯಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲಿ. ಎಳನೀರು ಖಾಲಿಯಾಗಿದೆ: ‘ವಿ ಹ್ಯಾವ್ ರನ್ ಔಟ್ ಆಫ್ ಟೆಂಡರ್ ಕೋಕನಟ್ಸ್.’ ಈ ಹೋಂಸ್ಟೇ ನಡೆಸುವವರು ನನ್ನ ಅತ್ತೆ: ‘ಮೈ ಮದರ್-ಇನ್-ಲಾ ರನ್ಸ್ ದಿಸ್ ಹೋಂಸ್ಟೇ.’ ತದಡಿಯಿಂದ ಆಚೆ ದಡಕ್ಕೆ ದೋಣಿ ಸಂಜೆವರೆಗೆ ಇರುತ್ತದೆ: ‘ದ ಬೋಟ್ ರನ್ಸ್ ಟಿಲ್ ಈವ್ನಿಂಗ್.’ ಇಂಥ ಇಪ್ಪತ್ತು ವಾಕ್ಯ ನಾಲಿಗೆಯ ಮೇಲೆ ಬಂದರೆ ಉಳಿದದ್ದು ಅತಿಥಿಗಳ ಬಾಯಿಂದಲೇ ಕಲಿಯಬಹುದು.

ಅಂಗಡಿಯಲ್ಲಿ ನಿಂತು ಪುಸ್ತಕ ಆರಿಸುವಾಗ ಮುಖಪುಟದಲ್ಲಿ ಎಷ್ಟು ಲಕ್ಷ ಪದ ಎಂದು ಬರೆದಿದೆ ಎಂಬುದನ್ನು ನೋಡಬೇಡಿ. ನೇರವಾಗಿ ‘ರನ್’ ಇರುವ ಪುಟ ತೆರೆಯಿರಿ. ‘ರನ್ ಔಟ್ ಆಫ್’ ವಾಕ್ಯ ಸಮೇತ ಇದೆಯೇ? ಅಂಗಡಿ ನಡೆಸುವ ಅರ್ಥಕ್ಕೆ ಉದಾಹರಣೆ ಕೊಟ್ಟಿದ್ದಾರೆಯೇ? ಮಗುವಿನ ಕೈಗೆ ಕೊಟ್ಟು ಅಲ್ಲೇ ಒಂದು ವಾಕ್ಯ ಓದಿಸಿ, ಅಕ್ಷರ ಕಣ್ಣಿಗೆ ಕಾಣಿಸುವಷ್ಟು ದೊಡ್ಡದಿದೆಯೇ ನೋಡಿ. ಇಲ್ಲ ಎಂದಾದರೆ ದುಡ್ಡು ಜೇಬಿನಲ್ಲೇ ಇರಲಿ. ನಿಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಯಾವ ನಿಘಂಟು ಇದೆ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ಒಂದು ಒಳ್ಳೆಯ ನಿಘಂಟು ತರಿಸಿ ಎಂದು ಅಲ್ಲಿನವರನ್ನು ಕೇಳಿ.